ಹುಣಸೆ ನೀರಿನಲ್ಲಿ ತೊಳೆದ ಚಿಪ್ಪುಗಳು

ಮಹಾಂತೇಶ ನಗರ, ಬೆಳಗಾವಿ
೧೫ ಡಿಸೆಂಬರ್ ೨೦೨೪, ಭಾನುವಾರ

ಗುಂಜಿಯ ಸತ್ಯವ್ವನವರಿಗೆ ನಿಖಿತಾಳ ಶರಣು.

ಕಾರವಾರದಿಂದ ತಿರುಗಿ ಬರುವಾಗ ಜೀಪಿನಲ್ಲಿ ನೀವು ಹೇಳಿದ್ದು ನೆನಪಿದೆ. “ನೀ ಹೇಳಿದ್ದೆಲ್ಲಾ ಮನಿ ಮುಟ್ಟೂದ್ರಾಗ ಮರತ ಬಿಡತೀನವಾ. ಕಾಗದದಾಗ ಬರದ ಕಳಸು. ಮಮ್ತಾಜ ಕೇಳೇ ಕೇಳ್ತಾಳ, ಸಮುದ್ರಕ್ಕ ಹೋಗಿ ಬರೇ ಕಲ್ಲ ನೋಡ್ಕೋತ ಕುಂತಿದ್ದೇನು ಅಂತ.” ಬರೆಯುತ್ತೇನೆ ಎಂದೆ, ಬರೆಯಲಿಲ್ಲ. ಫಲಿತಾಂಶ ಬರಲಿ, ಪ್ರಬಂಧ ಮುಗಿಯಲಿ ಎಂದು ಕಾಯುತ್ತಿದ್ದೆ. ಈಗ ಎರಡೂ ಆಗಿವೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಗುಂಜಿಯಲ್ಲಿ ನಿಮ್ಮ ಮನೆ ಹಿಂದಿನ ಕಟ್ಟೆ ಬಿಟ್ಟರೆ ಬೇರೆಲ್ಲೂ ಮಾತು ಕೇಳಿಸುವುದಿಲ್ಲ. ಕೇಳಿಸಿದರೂ ನೀವು “ಊಟ ಆತೇನು, ಅಳಿಯಂದು ಆತೇನು, ಇಡತೀನಿ ಹಂಗಾರ” ಎಂದು ಮುಗಿಸಿಬಿಡುತ್ತೀರಿ.

ನೆರೆಮನೆಯ ಮಮ್ತಾಜರಿಗೆ ಓದಿ ಹೇಳಬೇಕಾದರೆ ಮೊದಲಿನಿಂದ ಹೇಳಬೇಕಾಗುತ್ತದೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಅವರಿಗೆ ಓದಬೇಕಾಗಿಲ್ಲದ ಒಂದೆರಡು ಜಾಗಗಳಿವೆ. ಅವು ಯಾವುವೆಂದು ನಿಮಗೇ ತಿಳಿಯುತ್ತದೆ.

ಮೊದಲು ಸುದ್ದಿ. ಚಿಪ್ಪುಗಳ ವಯಸ್ಸು ಬಂತು. ನನ್ನ ಕೊನೆಯ ಅಧ್ಯಾಯ ಕೈತಪ್ಪದೆ ಉಳಿಯಿತು. ಪಿಎಚ್.ಡಿ. ಪ್ರಬಂಧ ಒಪ್ಪಿಸಿದ್ದೇನೆ. ಇಬ್ಬರು ಪರೀಕ್ಷಕರಲ್ಲಿ ಒಬ್ಬರ ಒಪ್ಪಿಗೆ ಬಂದಿದೆ. ಇನ್ನೊಬ್ಬರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ನೀವು ಬಂದಿದ್ದಿರಿ. ಶಶಿಧರ ಬಾಗಿಲು ತೆರೆದು “ಸಮೃದ್ಧಿಯ ತಾಯಿ” ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ಅವರ ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆಯ ತಾಯಿಯ ಎದುರು ಹೇಗೆ ನಿಲ್ಲಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀವು ನನ್ನನ್ನು ಮಣೆಯ ಮೇಲೆ ಕೂರಿಸಿ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದಿರಿ. “ನನ್ನ ಮಗಳ ಮನಿಗೆ ಬಂದಾಕಿ ನನಗೂ ಮಗಳ. ಪಂಚಮಿಗೆ ಕರಿಯಾಕ ಬರ್ತೀನಿ, ತಯಾರಿರು” ಎಂದಿರಿ. ಎರಡನೆಯ ಹೆಂಡತಿಗೆ ಮೊದಲನೆಯವಳ ತವರೇ ತವರಾಗುವ ಈ ಪದ್ಧತಿ ನಿಮ್ಮ ಕಡೆ ಇದೆಯೆಂದು ಆಮೇಲೆ ತಿಳಿಯಿತು. ವಿಜಯಪುರದಲ್ಲಿ ನನ್ನ ತಾಯಿ ಗಟ್ಟಿಮುಟ್ಟಾಗಿದ್ದಾರೆ. ಇನ್ನೊಂದು ತವರು ನನಗೆ ಏಕೆ ಬೇಕು ಎಂದು ಅನಿಸಿತ್ತು. ಎರಡು ನಾಗರಪಂಚಮಿಗೆ ನೀವು ಕರೆಯಲು ಬಂದಿರಿ, ಎರಡು ಸಲವೂ ಕೆಲಸದ ನೆಪ ಹೇಳಿದೆ. ನೀವು ತಂದ ಉಂಡಿಯ ಡಬ್ಬಿ ಇಟ್ಟು, ಮಧ್ಯಾಹ್ನದ ರೈಲಿಗೆ ತಿರುಗಿ ಹೋದಿರಿ.

ಇನ್ನು ಕೆಲಸದ ಮಾತು. ಕಾರವಾರದ ದಕ್ಷಿಣಕ್ಕೆ ಒಂದು ಸಣ್ಣ ಕೊಲ್ಲಿ, ಅದರೊಳಗೆ ಬಂದು ಸೇರುವ ಒಂದು ಹಳ್ಳ, ಹಳ್ಳದ ಈಚೆ ಉತ್ತರಕ್ಕೆ ಒಂದು ಬಂಡೆ, ಆಚೆ ದಕ್ಷಿಣಕ್ಕೆ ಒಂದು ಬಂಡೆ. ಎರಡರ ಮೇಲೂ ಈಗಿನ ಭರತದ, ಅಂದರೆ ಉಬ್ಬರದ, ನೀರು ಮುಟ್ಟದ ಎತ್ತರದಲ್ಲಿ ಹಳೆಯ ಸಿಂಪಿ ಚಿಪ್ಪುಗಳು ಕಚ್ಚಿಕೊಂಡಿವೆ. ಈ ಜಾತಿಯ ಸಿಂಪಿ ಕಲ್ಲಿಗೆ ಅಂಟಿಯೇ ಬೆಳೆಯುತ್ತದೆ. ಭರತ ಬಂದಾಗ ಮುಳುಗಿ, ಇಳಿದಾಗ ಒಣಗುವ ಜಾಗದಲ್ಲಿ ಮಾತ್ರ ಬದುಕುತ್ತದೆ. ಅಂದರೆ ಚಿಪ್ಪು ಎಲ್ಲಿದೆಯೋ ಅಲ್ಲಿಯವರೆಗೆ ಒಂದು ಕಾಲಕ್ಕೆ ಸಮುದ್ರ ಇತ್ತು.

ನೀವು ಬಂಡೆಯ ಮೇಲೆ ಕೈಯಿಟ್ಟು ಕೇಳಿದ ಪ್ರಶ್ನೆಯೇ ನನ್ನ ಐದು ವರ್ಷದ ಪ್ರಶ್ನೆ: “ಸಮುದ್ರ ಇಳೀತೋ, ಕಲ್ಲ ಏರಿತೋ?” ಒಂದೇ ಬಂಡೆ ನೋಡಿದರೆ ಹೇಳಲು ಬರುವುದಿಲ್ಲ. ಕೆರೆಯ ಮೆಟ್ಟಿಲ ಮೇಲೆ ನೀರಿನ ಕಲೆ ಇದೆ, ನೀರು ಕೆಳಗಿದೆ ಎಂದುಕೊಳ್ಳಿ. ನೀರು ಇಳಿದಿರಬಹುದು, ಯಾರೋ ಮೆಟ್ಟಿಲನ್ನೇ ಎತ್ತಿ ಕೂರಿಸಿರಬಹುದು. ಆದರೆ ಅಕ್ಕಪಕ್ಕದ ಎರಡು ಮೆಟ್ಟಿಲ ಸಾಲಿನಲ್ಲಿ ಒಂದೇ ದಿನದ ಕಲೆ ಬೇರೆ ಬೇರೆ ಎತ್ತರದಲ್ಲಿ ಕಂಡರೆ? ನೀರು ಎಲ್ಲ ಕಡೆ ಒಂದೇ ಮಟ್ಟ. ಆಗ ಒಂದು ಸಾಲಿನ ಮೆಟ್ಟಿಲು ಅಲುಗಿದೆ ಎಂದು ಖಾತ್ರಿ. ನಮ್ಮ ಹಳ್ಳ ಹರಿಯುವುದು ಭೂಮಿಯ ಒಂದು ಹಳೆಯ ಬಿರುಕಿನ ಗುಂಟ ಎಂದು ನನ್ನ ಅನುಮಾನ. ಆದ್ದರಿಂದ ಎರಡೂ ಬಂಡೆಯ ಚಿಪ್ಪುಗಳ ವಯಸ್ಸು ಬೇಕಿತ್ತು, ಯಾವ ಚಿಪ್ಪು ಯಾವ ಬಂಡೆಯ ಯಾವ ಎತ್ತರದ್ದು ಎಂಬುದೂ ಬೇಕಿತ್ತು. ಎರಡರಲ್ಲಿ ಒಂದು ತಪ್ಪಿದರೂ ಅವು ಬರೀ ಹಳೆಯ ಚಿಪ್ಪುಗಳು.

ಫೆಬ್ರುವರಿಯಲ್ಲಿ ನೀವು ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದಾಗ, ಆ ಚಿಪ್ಪುಗಳನ್ನು ಕೆತ್ತಿ ತಂದು ಹಿತ್ತಲ ಕಟ್ಟೆಯ ಮೇಲೆ ಇಟ್ಟು ವಾರವಾಗಿತ್ತು. ಪ್ರತಿಯೊಂದರ ಮೇಲೆ ಬಿಳಿ ಬಣ್ಣದ ಒಂದು ಬೊಟ್ಟು, ಅದರ ಮೇಲೆ ಮಸಿಯಲ್ಲಿ ಅಂಕಿ. ಪ್ರತಿಯೊಂದಕ್ಕೂ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅದೇ ಅಂಕಿಯ ಚೀಟಿ. ಸೋಮವಾರ ಅವನ್ನು ವಯಸ್ಸು ಕಂಡುಹಿಡಿಯುವ ಪ್ರಯೋಗಾಲಯಕ್ಕೆ ಕಳಿಸುವುದಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಇದನ್ನು ನಾನೇ ನಿಮಗೆ ಹೇಳಿದ್ದೆ.

ಸಂಜೆ ವಿಶ್ವವಿದ್ಯಾಲಯದಿಂದ ಬಂದಾಗ ಹಿತ್ತಲಲ್ಲಿ ಮೊದಲು ಕಂಡದ್ದು ಬಟ್ಟೆಯ ತಂತಿ. ನನ್ನ ಚೀಲಗಳೆಲ್ಲ ಒಳಗು ಹೊರಗಾಗಿ, ತೊಳೆದು, ಚಿಮಟಿ ಹಾಕಿ ತೂಗುತ್ತಿದ್ದವು. ಅವುಗಳ ಕೆಳಗೆ ಮೊರದಲ್ಲಿ ಚಿಪ್ಪುಗಳು, ಸಂಡಿಗೆಯ ಹಾಗೆ ಸಾಲಾಗಿ ಒಣಗುತ್ತಿದ್ದವು. ಪಾಚಿ ಇಲ್ಲ, ಉಪ್ಪಿನ ಹಕ್ಕಳೆ ಇಲ್ಲ, ಬಿಳಿ ಬೊಟ್ಟೂ ಇಲ್ಲ. ನೀವು ಬಾಗಿಲಲ್ಲಿ ನಿಂತು ನಗುತ್ತಿದ್ದಿರಿ. “ನೋಡವಾ, ಹೆಂಗ ಮಿಂಚಾಕತ್ತಾವ! ಹುಣಸಿಹಣ್ಣ ಹಾಕಿ ನೆನಸಿ ತಿಕ್ಕೀನಿ. ಪರಊರಿಗೆ ಕಳಸಾವು, ಹೊಲಸ ಕಳಸಿದ್ರ ಯಾರ ಹೆಸರ ಕೆಡ್ತದ?” ಚೀಟಿಗಳ ಬಗ್ಗೆ ಕೇಳಿದೆ. “ಅವು ಹಸಿಯಾಗಿದ್ವು, ನಾರಾಕತ್ತಿದ್ವು. ಒಗದೆ” ಎಂದಿರಿ. ಕಸದ ಗಾಡಿ ಮಧ್ಯಾಹ್ನವೇ ಬಂದು ಹೋಗಿತ್ತು.

“ಚೊಲೋ ಆಗ್ಯಾವ್ರಿ” ಎಂದು ಹೇಳಿ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುವಿದೆ. ಅಲ್ಲಿ ಎಷ್ಟು ಹೊತ್ತು ಇದ್ದೆ, ಏನು ಮಾಡಿದೆ ಎಂಬುದು ಇಲ್ಲಿ ಬೇಡ. ನೀವು ಎರಡು ಸಲ ಬಾಗಿಲು ತಟ್ಟಿ “ಹೊಟ್ಟಿ ಕೆಟ್ಟದೇನು? ಓಂಕಾಳ ಕೊಡಲೇನು?” ಎಂದು ಕೇಳಿದಿರಿ. ಕೇಳಿಸಿತ್ತು.

ಮಮ್ತಾಜರಿಗೆ ಇಲ್ಲಿ ಒಂದು ಮಾತು ಹೇಳಿ: ನೀವು ಮಾಡಿದ್ದರಲ್ಲಿ ಚಿಪ್ಪಿಗೇನೂ ಕೆಡಲಿಲ್ಲ. ಮಾರನೆಯ ದಿನ ಹೆದರುತ್ತ, ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ನಮ್ಮ ಸರ್ ಹತ್ತಿರ ಹೋದೆ. ಅವರು ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು, “ಪ್ರಯೋಗಾಲಯದಲ್ಲಿ ಹೇಗೂ ಮೇಲಿನ ಪದರನ್ನು ಆಮ್ಲದಲ್ಲಿ ತೆಗೀತಾರೆ. ನಿಮ್ಮ ಮನೆಯವರು ಸ್ವಲ್ಪ ಮುಂಚೆ ಮಾಡಿದ್ದಾರೆ ಅಷ್ಟೇ” ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, “ಆದರೆ ಅಂಕಿ ಎಲ್ಲಿ?” ಎಂದು ಕೇಳಿದರು. ಬಂಡೆಯ ಮೇಲಿದ್ದಾಗ ತೆಗೆದ ಚಿತ್ರಗಳಿದ್ದವು, ಪ್ರತಿ ಚಿತ್ರದಲ್ಲಿ ಪಕ್ಕಕ್ಕೆ ಸುಣ್ಣದ ಕಡ್ಡಿಯಿಂದ ಬರೆದ ಅಂಕಿಯಿತ್ತು. ಆದರೆ ಪಾಚಿ ಮೆತ್ತಿದ್ದ ಆ ಕರಿ ಉಂಡೆಗಳಿಗೂ ಮೊರದಲ್ಲಿದ್ದ ಬಿಳಿ ಚಿಪ್ಪುಗಳಿಗೂ ಹೋಲಿಕೆಯೇ ಇರಲಿಲ್ಲ. ಹೊಸದಾಗಿ ತರೋಣವೆಂದರೆ ಆ ಎತ್ತರದಲ್ಲಿ ಕೆಲಸಕ್ಕೆ ಬರುವಂಥವು ಉಳಿದಿರಲಿಲ್ಲ. ವರ್ಷದ ಕೊನೆಗೆ ಪ್ರಬಂಧದ ಗಡುವು. ಒಮ್ಮೆ ಮುಂದೂಡಿ ಆಗಿತ್ತು, ಇನ್ನೊಮ್ಮೆ ಸಿಗುವುದಿಲ್ಲ.

ಎರಡು ದಿನಕ್ಕೆ ನಿಮ್ಮ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಆ ವಾರ ನಾನು ನಿಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕಣ್ಣಿಗೆ ಔಷಧಿ ಹಾಕುವಾಗ “ಮೇಲೆ ನೋಡ್ರಿ” ಎಂದಷ್ಟೇ ಹೇಳುತ್ತಿದ್ದೆ. ವಿಷಯ ನಿಮಗೆ ಶಶಿಧರರಿಂದ ಗೊತ್ತಾಯಿತು. ನೀವು ನನ್ನ ಬಳಿ ಬಂದು ಕ್ಷಮೆ ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ ಗೊತ್ತಿಲ್ಲ. ನೀವು ಕೇಳಲಿಲ್ಲ. ಹಸಿರು ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಕುಳಿತು, ಒಂದೊಂದೇ ಚಿಪ್ಪನ್ನು ಬೆರಳಿನಿಂದ ತಡವುತ್ತ, “ಎಲ್ಲಾ ಒಂದೇ ಹಂಗ ಅದಾವಲ್ಲವಾ” ಎಂದಿರಿ.

ಒಂದೇ ಹಾಗೆ ಇರಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಅವನ್ನು ಬೋರಲು ಹಾಕಿದಾಗ. ಉಳಿಯಿಂದ ಎಬ್ಬಿಸಿದ್ದರಿಂದ ಪ್ರತಿ ಚಿಪ್ಪಿನ ಬೆನ್ನಿಗೆ ಬಂಡೆಯ ಒಂದು ಚಕ್ಕೆ ಅಂಟಿಕೊಂಡು ಬಂದಿತ್ತು. ಚಕ್ಕೆ ಇಲ್ಲಿದ್ದರೆ ಅದು ಎದ್ದ ಗಾಯ ಬಂಡೆಯ ಮೇಲೆ ಇರಲೇಬೇಕು. ಒಡೆದ ಬಟ್ಟಲಿನ ಚೂರಿನ ಹಾಗೆ, ಕೂಡಿಸಿದರೆ ಕೂಡಬೇಕು. ಯಾವ ಗಾಯ ಯಾವ ಅಂಕಿಯದು ಎಂಬುದನ್ನು ಚಿತ್ರಗಳು ಹೇಳುತ್ತವೆ. ಇದನ್ನು ಶಶಿಧರರಿಗೆ ಹೇಳುತ್ತ, “ಹುಚ್ಚು ಕೆಲಸ, ಯಾರೂ ಮಾಡುವುದಿಲ್ಲ” ಎಂದೆ. ನೀವು ಆ ಹೊತ್ತಿಗೆ ಗುಂಜಿಗೆ ಹೋಗಿದ್ದಿರಿ. ಅವರು ಫೋನಿನಲ್ಲಿ ನಿಮಗೆ ಹೇಳಿಬಿಟ್ಟರು. ನಿಮ್ಮ ಉತ್ತರವನ್ನು ಅವರು ಇವತ್ತಿಗೂ ಗೆಳೆಯರ ಮುಂದೆ ಹೇಳಿ ನಗುತ್ತಾರೆ: “ಹುಚ್ಚ ಕೆಲಸಾನ ಮಾಡೂಣು. ಶಾಣ್ಯಾ ಕೆಲಸ ಮಾಡಿದ್ದು ನೋಡಿದ್ರೆಲ್ಲಾ, ತೊಳದಿಟ್ಟೆ!”

ಡಾಕ್ಟರು ಧೂಳಿಗೆ ಹೋಗಬೇಡಿ ಎಂದ ಅವಧಿ ಮುಗಿದ ಮರುದಿನವೇ ನೀವು ಖಾನಾಪುರದ ಶಾಹಿದರ ಜೀಪು ಗೊತ್ತು ಮಾಡಿದಿರಿ. ನಾನು ಬೆಳಗಿನ ರೈಲಿಗೆ ಗುಂಜಿಗೆ ಬಂದಾಗ ನಿಲ್ದಾಣದ ಹೊರಗೆ ಜೀಪು, ಜೀಪಿನಲ್ಲಿ ರೊಟ್ಟಿಯ ಗಂಟು, ನೀರಿನ ಕ್ಯಾನು, ಕರಿ ಕನ್ನಡಕ ಹಾಕಿ ಮುಂದಿನ ಸೀಟಿನಲ್ಲಿ ಕುಳಿತ ನೀವು. ಶಾಹಿದರು ನನಗೆ ಸಲಾಮು ಹೇಳಿ, “ಮ್ಯಾಡಮ್, ನಮ್ಮ ಸತ್ಯವ್ವ ಕಾಕೂನ ನೋಡ್ರಿ, ಸಿನಿಮಾದಾಗಿನ ಡಾನ್ ಕಂಡಂಗ ಕಾಣಸ್ತಾರ” ಎಂದರು. ನೀವು “ಗಾಡಿ ನೋಡ್ಕೊಂಡ ಹೊಡಿ. ಡಾನ್ ಬಾಜೂಕ ಕುಂತಾಳ” ಎಂದಿರಿ. ನಾನು ಆ ತಿಂಗಳಲ್ಲಿ ನಕ್ಕದ್ದು ಅದೇ ಮೊದಲು.

ಲೋಂಡಾ ದಾಟಿದ ಮೇಲೆ ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಅಲ್ಲಿ ನಾನು ಅರ್ಧ ಉತ್ತರ ಕೊಟ್ಟಿದ್ದೆ. “ನಮ್ಮ ಮಲಪ್ರಭಾ ಕಣಕುಂಬ್ಯಾಗ ಹುಟ್ತಾಳ. ಅಲ್ಲಿಂದ ಸಮುದ್ರ ಇಲ್ಲೇ ಬಾಜೂಕ. ಆದ್ರೂ ಬೆನ್ನ ತೋರಿಸಿ ಮೂಡಣಕ್ಕ ಯಾಕ ಹೋಗ್ತಾಳ?” ಪೂರ್ತಿ ಉತ್ತರ ಇದು. ಕೋಟಿಗಟ್ಟಲೆ ವರ್ಷದ ಹಿಂದೆ ನಮ್ಮ ನೆಲದ ಪಶ್ಚಿಮದ ಭಾಗ ಸೀಳಿ ಬೇರೆಯಾಯಿತು. ಸೀಳಿದ ಅಂಚು ಮೇಲಕ್ಕೆ ಎದ್ದಿತು, ನೆಲ ಪೂರ್ವಕ್ಕೆ ವಾಲಿತು. ನೀರು ವಾಲಿದ ಕಡೆ ಹರಿಯಿತು. ಆ ಎದ್ದ ಅಂಚು ಮಳೆಗೆ ಸವೆದು, ಕುಸಿದು, ಹಿಂದೆ ಹಿಂದೆ ಸರಿಯುತ್ತ ಬಂದದ್ದೇ ಈಗಿನ ಘಟ್ಟದ ಗೋಡೆ ಎಂದು ಹಲವರು ಹೇಳುತ್ತಾರೆ. ಒಂದು ಕಾಲಕ್ಕೆ ಅದು ಸಮುದ್ರದ ಹತ್ತಿರದಲ್ಲೇ ಇದ್ದಿರಬೇಕು. ನಿಮ್ಮ ಗುಂಜಿಯ ಕಾಡು ಇರುವುದು ಆ ಹಳೆಯ ಅಂಚಿನ ಹೆಗಲ ಮೇಲೆ. ಸಮುದ್ರವೂ ಸುಮ್ಮನೆ ಇರಲಿಲ್ಲ. ಇಪ್ಪತ್ತು ಸಾವಿರ ವರ್ಷದ ಹಿಂದೆ ಲೋಕದ ಬಹಳಷ್ಟು ನೀರು ಹಿಮವಾಗಿ ಕಟ್ಟಿಕೊಂಡಿದ್ದಾಗ ದಂಡೆ ಬಹಳ ದೂರ ಪಶ್ಚಿಮಕ್ಕಿತ್ತು. ಹಿಮ ಕರಗಿದಂತೆ ಏರುತ್ತ ಬಂದು, ಆರೇಳು ಸಾವಿರ ವರ್ಷದ ಹಿಂದೆ ಹೆಚ್ಚು ಕಡಿಮೆ ಈಗಿನ ಜಾಗಕ್ಕೆ ತಲುಪಿತು. ಕೆಲವು ಕಡೆ ಈಗಿನದಕ್ಕಿಂತ ಸ್ವಲ್ಪ ಮೇಲೂ ನಿಂತಿತು. ನಮ್ಮ ಚಿಪ್ಪುಗಳು ಆ ಕಾಲದವು.

ಕೊಲ್ಲಿಗೆ ಇಳಿದ ಮೊದಲ ದಿನ ನಿಮಗೆ ನೆನಪಿರಬಹುದು. ನೀರು ಇಳಿದಿರುವ ಹೊತ್ತಿನಲ್ಲಿ ಮಾತ್ರ ಬಂಡೆಯ ಹತ್ತಿರ ನಿಲ್ಲಲು ಬರುತ್ತದೆ. ಡಾಕ್ಟರು ನಿಮಗೆ ಬಗ್ಗಬೇಡಿ ಎಂದಿದ್ದರು. ಹಾಗಾಗಿ ಚಹಾ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮರಳಿನಲ್ಲಿ ಊರಿ, ಮೊರವನ್ನು ನಿಮ್ಮ ತೊಡೆಯ ಮೇಲೆ ಇಟ್ಟೆವು. ನಾನು ಒಂದು ಗಾಯದ ಆಕಾರ ಹೇಳುವುದು: ಉದ್ದ, ಎಡಕ್ಕೆ ಮೂಲೆ, ಕೆಳಗೆ ತಗ್ಗು. ನೀವು ತಡವಿ ಒಂದು ಚಿಪ್ಪು ಕೊಡುವುದು. ನಾನು ಇಟ್ಟು ನೋಡಿ ತಿರುಗಿ ಕೊಡುವುದು. ಶಾಹಿದರು ಸ್ವಲ್ಪ ಹೊತ್ತು ನೋಡಿ, “ಕಾಕೂ, ಇದು ಹೆಣ್ಣ ನೋಡೂ ಕಾರ್ಯಕ್ರಮ ಆತು ನೋಡ್ರಿ. ಒಂದೂ ಪಸಂದ ಬರವಲ್ದು” ಎಂದರು. ಆ ದಿನ ಭರತ ಏರುವ ಹೊತ್ತಿಗೆ ಎರಡೇ ಚಿಪ್ಪು ಕೂಡಿದ್ದವು.

ಬಲೆ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ಕೊಂಕಣಿಯಲ್ಲಿ ಏನು ಹುಡುಕುತ್ತೀರಿ ಎಂದು ಕೇಳಿದಳು. ನೀವು ಮರಾಠಿಯಲ್ಲಿ, ಕಿತ್ತ ಚಿಪ್ಪನ್ನು ತಿರುಗಿ ಹಚ್ಚಲು ಬಂದಿದ್ದೇವೆ ಎಂದು ಹೇಳಿದಿರಿ. ಆಕೆ ಬುಟ್ಟಿ ಇಳಿಸಿ ನಕ್ಕಳು. ಇಲ್ಲಿಂದ ಒಯ್ಯುವವರನ್ನು ಬಹಳ ಕಂಡಿದ್ದೇನೆ, ತಿರುಗಿ ತರುವವರನ್ನು ಕಂಡಿರಲಿಲ್ಲ ಎಂದಳು. ಆಮೇಲೆ ನಿಮಗೆ ಒಣ ಮೀನು ಕೊಡಲು ಬಂದಾಗ ನೀವು ಮೂಗಿಗೆ ಸೆರಗು ಹಚ್ಚಿಕೊಂಡೇ, ಬಹಳ ಮರ್ಯಾದೆಯಿಂದ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ ತಾಯಿ ಎಂದು ಕೈ ಮುಗಿದಿರಿ.

ಆಗ ನನಗೆ ಒಂದು ಸಂಗತಿ ತಟ್ಟನೆ ಅರ್ಥವಾಯಿತು. ಇಷ್ಟು ತಡವಾಗಿ ಅರ್ಥವಾದದ್ದಕ್ಕೆ ನನ್ನ ಮೇಲೆ ನನಗೇ ಆಶ್ಚರ್ಯ. ಮೀನಿನ ಗಾಳಿಗೇ ಮೂಗು ಮುಚ್ಚುವ ನೀವು, ಸತ್ತ ಜೀವದ ಚಿಪ್ಪನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಸರಿಯಾಗಿ ಕಣ್ಣು ಕಾಣದಿದ್ದಾಗ, ನನ್ನ ಹೆಸರು ಕೆಡಬಾರದೆಂದು ತಿಕ್ಕಿದ್ದಿರಿ. ಆ ದಿನ ನೀವು ಮಧ್ಯಾಹ್ನ ಎರಡನೆಯ ಸಲ ಸ್ನಾನ ಮಾಡಿದ್ದನ್ನು ಶಶಿಧರ ಹೇಳಿದ್ದರು. ಸೆಕೆಗೆ ಎಂದುಕೊಂಡಿದ್ದೆ.

ಎರಡನೆಯ ದಿನ ದಕ್ಷಿಣದ ಬಂಡೆಯಿಂದ ಶುರು ಮಾಡಿದೆವು. ಸರಿಯಾದ ಚಿಪ್ಪು ಸರಿಯಾದ ಗಾಯದಲ್ಲಿ ಕೂತರೆ ಏನಾಗುತ್ತದೆ ಎಂಬುದು ಅಷ್ಟರಲ್ಲಿ ಬೆರಳಿಗೆ ಗೊತ್ತಾಗಿತ್ತು. ಒಂದು ಸಣ್ಣ ಸದ್ದು, ಆಮೇಲೆ ಎಲ್ಲಿ ಒತ್ತಿದರೂ ಅದು ಅಲುಗುವುದಿಲ್ಲ. ಒಂದು, ಇನ್ನೊಂದು, ಮತ್ತೊಂದು. ಕೈ ಹಚ್ಚುವುದಿಲ್ಲ ಎಂದಿದ್ದ ಶಾಹಿದರೂ ಪ್ಯಾಂಟು ಮಡಚಿ ನೀರಿಗಿಳಿದರು. ಒಂದು ಕೂತಾಗ “ಕೂತತ್ರೀ ಮ್ಯಾಡಮ್!” ಎಂದು ಅವರು ಕೂಗಿದ ಕೂಗಿಗೆ ದಂಡೆಯ ಕೊಕ್ಕರೆಗಳೆಲ್ಲ ಎದ್ದವು. ನೀವು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ.

ಕೊನೆಗೆ ಎರಡು ಚಿಪ್ಪು, ಎರಡು ಗಾಯ ಉಳಿದವು; ಆ ಎರಡೂ ಚಿಪ್ಪಿನ ಚಕ್ಕೆ ಅಂಚಿನಲ್ಲಿ ಮುರಿದಿತ್ತು. ದಕ್ಷಿಣದ ಬಂಡೆಯ ಎಲ್ಲಕ್ಕಿಂತ ಮೇಲಿನ ಗಾಯ ಇನ್ನೂ ಖಾಲಿ ಇತ್ತು. ನನಗೆ ಎಲ್ಲಕ್ಕಿಂತ ಬೇಕಾದದ್ದೂ ಅದೇ. ಒಂದು ಚಿಪ್ಪನ್ನು ಇಟ್ಟೆ. ಬಹುಮಟ್ಟಿಗೆ ಕೂಡಿತು. ಇನ್ನೊಂದು ಸಲ ತಿರುವಿ ಇಟ್ಟೆ. ನೀರು ಏರತೊಡಗಿತ್ತು. “ಇದೇ ಇರಬೇಕು” ಎಂದೆ. ನೀವು ಕುರ್ಚಿ ಬಿಟ್ಟು ಬಂದು ಒಂದೇ ಬೆರಳಿನಿಂದ ಅದರ ಅಂಚು ಒತ್ತಿದಿರಿ. ಅದು ಕುಂಟಿತು. “ಇಲ್ಲವಾ, ಅಲುಗ್ತದ” ಎಂದಿರಿ. ಅಲುಗುತ್ತಿರುವುದು ನನಗೂ ಗೊತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಅದನ್ನು ತೆಗೆದು ಮೊರಕ್ಕೆ ಹಾಕಿದೆ. ಆ ಎತ್ತರದ ಎದುರು ನನ್ನ ಕೋಷ್ಟಕದಲ್ಲಿ ಈಗ ಖಾಲಿ ಗೆರೆ ಇದೆ.

ಇಲ್ಲಿಂದ ಮುಂದಿನದು ಮಮ್ತಾಜರಿಗೆ ಬೇಡ. ಭರತದ ನೀರು ಏರುವುದನ್ನು ನೋಡುತ್ತ ನಾವಿಬ್ಬರೂ ಕುಳಿತಿದ್ದಾಗ ನಾನು ಮೊದಲ ಬಾರಿಗೆ ಸಮೃದ್ಧಿಯ ಬಗ್ಗೆ ಕೇಳಿದೆ. ಆಕೆಗೆ ಸಮುದ್ರ ನೋಡುವ ಆಸೆ ಇತ್ತೇ ಎಂದು. ನೀವು ಕಣ್ಣೀರು ಹಾಕುತ್ತೀರಿ ಎಂದು ಹೆದರಿದ್ದೆ. ನೀವು ನಕ್ಕಿರಿ. “ಆಕಿಗೆ? ನೀರ ಅಂದ್ರ ಅಂಜಿಕಿ. ಹೊಳಿ ದಂಡಿಗೆ ನಿಂತ ಚೀರಾಕಿ. ಸತ್ತವರೆಲ್ಲಾ ಏನರ ಆಸೆ ಇಟ್ಕೊಂಡೇ ಸತ್ತಿರಬೇಕಂತ ಎಲ್ಲಿ ಅದ?” ಆಮೇಲೆ ಬಹಳ ಹೊತ್ತು ಆಕೆಯ ಹುಡುಗಾಟಗಳನ್ನು ಹೇಳಿದಿರಿ. ಉಪ್ಪಿಟ್ಟಿನಲ್ಲಿ ಕರಿಬೇವು ಆರಿಸಿ ನಿಮ್ಮ ತಟ್ಟೆಗೆ ಹಾಕುತ್ತಿದ್ದದ್ದು, ಮದುವೆಯಲ್ಲಿ ಶಶಿಧರರ ಪೇಟ ಜಾರಿದಾಗ ಎಲ್ಲರಿಗಿಂತ ಮೊದಲು ನಕ್ಕದ್ದು. ಎರಡೂವರೆ ವರ್ಷ ನಾನು ಆ ಹೆಸರನ್ನು ಮನೆಯಲ್ಲಿ ಬಾಯಿಗೆ ತಂದಿರಲಿಲ್ಲ. ಅದು ಮರ್ಯಾದೆ ಎಂದುಕೊಂಡಿದ್ದೆ.

ನಾನು ಆಕೆಯ ಜಾಗಕ್ಕೆ ಸರಿಯಾಗಿ ಕೂಡುವವಳಲ್ಲ ಎಂದು ನಿಮಗೆ ಅನಿಸಿಲ್ಲವೇ ಎಂದು ಕೇಳಿದೆ. ಇಷ್ಟು ನೇರವಾಗಿ ಕೇಳಿದ್ದು ನಾನೇನಾ ಎಂದು ಈಗಲೂ ನಂಬಿಕೆ ಬರುವುದಿಲ್ಲ. ನೀವು ಮೊರದಲ್ಲಿ ಉಳಿದಿದ್ದ ಎರಡು ಚಿಪ್ಪುಗಳನ್ನು ಪಕ್ಕಕ್ಕೆ ಸರಿಸಿ ರೊಟ್ಟಿಯ ಗಂಟು ಬಿಚ್ಚಿದಿರಿ. “ಜಾಗಾ ತುಂಬು ಅಂತ ನಾ ಅಂದಿಲ್ಲಲ್ಲವಾ. ಆಕಿ ಜಾಗಾ ಹಂಗ ಇರ್ತದ. ನೀ ಬ್ಯಾರೆ ಕಲ್ಲಿನ ಮ್ಯಾಲ ಬೆಳದಾಕಿ. ಪಂಚಮಿಗೆ ಬಾ ಅಂದೆ. ಬರಾಕ ಅಷ್ಟ ವಿಚಾರ ಯಾಕ ಬೇಕು? ತಿನ್ನು.” ಶೇಂಗಾ ಚಟ್ನಿಯಲ್ಲಿ ಮರಳು ಸೇರಿತ್ತು. ತಿಂದೆ.

ಆಗಸ್ಟಿನ ಪಂಚಮಿಗೆ ನಾನು ಗುಂಜಿಗೆ ಬಂದದ್ದು, ಮಮ್ತಾಜರು ಜೋಕಾಲಿ ತೂಗಿ ನನ್ನನ್ನು ಹೆದರಿಸಿದ್ದು ನಿಮಗೆ ಗೊತ್ತೇ ಇದೆ. ಅದನ್ನು ಬರೆಯುವುದಿಲ್ಲ. ಆ ಮೂರು ದಿನ ಚೆನ್ನಾಗಿದ್ದವು ಎಂದಷ್ಟೇ ಹೇಳುತ್ತೇನೆ.

ಈಗ ಉತ್ತರ. ಸಮುದ್ರ ಇಳೀತೋ, ಕಲ್ಲ ಏರಿತೋ? ಎರಡೂ. ಎರಡು ಬಂಡೆಯ ಚಿಪ್ಪುಗಳೂ ಹೆಚ್ಚು ಕಡಿಮೆ ಒಂದೇ ಕಾಲದವು, ಸುಮಾರು ಆರು ಸಾವಿರ ವರ್ಷದ ಹಿಂದಿನವು. ಆಗ ಆ ಕೊಲ್ಲಿಯಲ್ಲಿ ಸಮುದ್ರ ಈಗಿನದಕ್ಕಿಂತ ಮೇಲಿತ್ತು, ಆಮೇಲೆ ಇಳಿಯಿತು. ಉತ್ತರದ ಬಂಡೆ ಅಷ್ಟನ್ನೇ ಹೇಳುತ್ತದೆ. ಆದರೆ ದಕ್ಷಿಣದ ಬಂಡೆಯ ಚಿಪ್ಪುಗಳು ಅದೇ ವಯಸ್ಸಿನವಾದರೂ ಇನ್ನೂ ಒಂದು ಮೊಳ ಮೇಲಿವೆ. ನೀರು ಹಳ್ಳದ ಈಚೆ ಒಂದು ಮಟ್ಟ, ಆಚೆ ಒಂದು ಮಟ್ಟ ನಿಲ್ಲುವುದಿಲ್ಲ. ಆದ್ದರಿಂದ ಆಚೆಯ ನೆಲ ಏರಿದೆ. ಆರು ಸಾವಿರ ವರ್ಷದಲ್ಲಿ ನಿಮ್ಮ ಕೈಯ ಒಂದು ಮೊಳ. ನೆಲ ಏರಿದರೂ ಎಷ್ಟು ನಿಧಾನ ಎಂದು ಜೀಪಿನಲ್ಲಿ ಹೇಳಿದಾಗಲೇ ನೀವು “ಅವಸರ ಇಲ್ಲ ಬಿಡು ಭೂಮಿತಾಯಿಗೆ” ಎಂದಿರಿ. ನಮ್ಮ ಸರ್ ಇದನ್ನು ಓದಿ, ಮೇಲಿನ ಖಾಲಿ ಗೆರೆಯನ್ನು ತೋರಿಸಿ, “ಇದು ಇರೋದರಿಂದ ಉಳಿದದ್ದನ್ನು ನಂಬಬಹುದು” ಎಂದರು. ಬಿಡಿಸಿ ಹೇಳಬೇಕಾದರೆ, ನಿಮ್ಮ ಬೆರಳಿಗೆ ಬಂದ ಮೆಚ್ಚುಗೆ ಅದು.

ತೊಳೆಯದೆ ಇದ್ದಿದ್ದರೆ ಆ ಮೊಳ ಇನ್ನೂ ಬೇಗ ಸಿಗುತ್ತಿತ್ತು. ಅದು ನಿಜ, ಮುಚ್ಚಿಡುವುದಿಲ್ಲ. ಆದರೆ ಆ ಎರಡು ದಿನ ಸಿಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡುವುದು ನನ್ನ ಸ್ವಭಾವ. ಹಾಕಿದೆ. ನನಗೆ ನಷ್ಟವಾಗಿಲ್ಲ. ನಿಮಗೆ ಧನ್ಯವಾದ ಎಂಬ ಪದ ಪರಕೀಯವಾಗಿ ಕೇಳಿಸುತ್ತದೆ, “ಮನ್ಯಾಗಿನವರಿಗೆ ಯಾರರ ಥ್ಯಾಂಕ್ಸ್ ಹೇಳ್ತಾರೇನು” ಎಂದು ಒಮ್ಮೆ ಬೈದಿದ್ದೀರಿ. ಹಾಗಾಗಿ ಬರೆಯುತ್ತಿಲ್ಲ. ಕಾಗದ ಇಷ್ಟು ಉದ್ದವಾದದ್ದು ಅದರ ಬದಲಿಗೆ.

ಬಲಗಣ್ಣಿಗೆ ಔಷಧಿ ಹಾಕುವುದನ್ನು ನಿಲ್ಲಿಸಬೇಡಿ. ಸಂಕ್ರಾಂತಿಗೆ ಇಲ್ಲಿಗೇ ಬನ್ನಿ. ಶಶಿಧರ ತಾವೇ ನಿಲ್ದಾಣಕ್ಕೆ ಬರುತ್ತಾರಂತೆ.

ನಿಮ್ಮ
ನಿಖಿತಾ

ತಾ.ಕ.: ಎರಡನೆಯ ಪರೀಕ್ಷಕರ ವಿಷಯ. ಅವರು ಇನ್ನೂ ಒಪ್ಪಿಲ್ಲ. ಚಿಪ್ಪುಗಳನ್ನು ಹೇಗೆ ಸ್ವಚ್ಛ ಮಾಡಲಾಯಿತು ಎಂಬ ಪುಟದಲ್ಲಿ ನಾನು ನಡೆದದ್ದನ್ನು ನಡೆದಂತೆ ಬರೆದಿದ್ದೇನೆ: “ಹುಣಸೆ ನೀರಿನಲ್ಲಿ ನೆನೆಸಿ ತೊಳೆದವರು ಶ್ರೀಮತಿ ಸತ್ಯವ್ವ, ಗುಂಜಿ.” ಬರೆಯದೆ ಬಿಡಬಹುದಿತ್ತು, ಸರ್ ಕೂಡ ಹಾಗೇ ಹೇಳಿದರು. ಈಗ ಪರೀಕ್ಷಕರು ಮೂರು ಪ್ರಶ್ನೆ ಕೇಳಿ ಕಳಿಸಿದ್ದಾರೆ. ಅವಕ್ಕೆ ಉತ್ತರ ಹೋಗದೆ ಪದವಿ ಇಲ್ಲ. ಒಂದು, ಹುಣಸೆಹಣ್ಣು ಎಷ್ಟು. ಎರಡು, ನೆನೆಸಿದ್ದು ಎಷ್ಟು ಹೊತ್ತು. ಮೂರು, ಶ್ರೀಮತಿ ಸತ್ಯವ್ವ ಯಾವ ಪ್ರಯೋಗಾಲಯದವರು. ಮೂರನೆಯದಕ್ಕೆ ನಾನೇ ಉತ್ತರ ಬರೆದಿದ್ದೇನೆ: ಪ್ರಯೋಗಾಲಯದವರಲ್ಲ, ನನ್ನ ತವರಿನವರು. ಉಳಿದ ಎರಡನ್ನು ನೀವೇ ಹೇಳಬೇಕು. ಒಂದು ಹಿಡಿ ಎಂದರೆ ಸಾಲದು, ಅದೇ ಹಿಡಿಯನ್ನು ಮಮ್ತಾಜರ ತಕ್ಕಡಿಯಲ್ಲಿ ಹಾಕಿ ತೂಗಿ ಬರೆಯಿರಿ.